ಚಿತ್ರದಲ್ಲಿ ಕಂಡ ಗುಳ್ಳೆ

ವಿಕ್ರೋಳಿಯ ಹೊಟೇಲುಗಳಲ್ಲಿ ಒಲೆಯ ಮುಂದೆ ದುಡಿಯುವ, ಕಚೇರಿಗಳಲ್ಲಿ ಲೆಕ್ಕ ಬರೆಯುವ ನಮ್ಮ ಬಾಂಧವರಿಗೆ ನೆಗಡಿ, ತಲೆನೋವುಗಳು ಹೊಸವಲ್ಲ. ಆದರೆ ತಲೆನೋವಿಗೆಂದು ತೆಗೆಸಿದ ಚಿತ್ರದ ವರದಿಯಲ್ಲಿ ‘ಸೈನಸ್ಸಿನಲ್ಲಿ ಸಿಸ್ಟ್’ ಎಂಬ ಮಾತು ಕಂಡೊಡನೆ ಎದೆಗುಂದಿ, ಊರಿಗೆ ಕಳುಹಿಸಬೇಕಾದ ಹಣವನ್ನು ಶಸ್ತ್ರಚಿಕಿತ್ಸೆಗೆ ತೆಗೆದಿಡುವುದು ವಿವೇಕವಲ್ಲ. ಚಿಕಿತ್ಸೆ ಬೇಕಾದುದು ರೋಗಕ್ಕೆ, ವರದಿಯ ಪದಕ್ಕಲ್ಲ.

ಮೂಗಿನ ಸುತ್ತಲಿನ ಮೂಳೆಗಳಲ್ಲಿ ನಾಲ್ಕು ಜೊತೆ ಗಾಳಿಗೂಡುಗಳಿವೆ, ಇವೇ ಸೈನಸ್ಸುಗಳು. ಕೆನ್ನೆಯೊಳಗಿನದು ಎಲ್ಲಕ್ಕೂ ದೊಡ್ಡದು. ಅದರ ಒಳಪೊರೆಯ ಲೋಳೆಗ್ರಂಥಿಯ ಬಾಯಿ ಕಟ್ಟಿಕೊಂಡರೆ ದ್ರವ ನಿಂತು ಗುಳ್ಳೆಯಾಗುತ್ತದೆ. ಇಂತಹವು ಬಹುಪಾಲು ನಿರುಪದ್ರವಿಗಳು. ಬೇರಾವುದೋ ಕಾರಣಕ್ಕೆ ತೆಗೆದ ಚಿತ್ರದಲ್ಲಿ ಅಕಸ್ಮಾತ್ತಾಗಿ ಕಾಣುವಂತಹವು. ಕೆಲವು ತಾವಾಗಿಯೇ ಮಾಯವಾಗುವುದೂ ಉಂಟು. ನೋವಿನ ಮೂಲ ಅರೆತಲೆಶೂಲೆಯೋ ಕಣ್ಣಿನ ದೋಷವೋ ನಿದ್ದೆಗೇಡೋ ಆಗಿರಬಹುದು.

ಹಾಗೆಂದು ಉದಾಸೀನವೂ ತರವಲ್ಲ. ಮೇಲ್ದವಡೆಯ ಹುಳುಕು ಹಲ್ಲಿನ ಬೇರಿನಲ್ಲಿ ಹುಟ್ಟಿದ ಗುಳ್ಳೆ ಸೈನಸ್ಸಿನೊಳಕ್ಕೆ ಬೆಳೆಯಬಲ್ಲದು. ಅಲ್ಲಿ ಹಲ್ಲಿನ ವೈದ್ಯರೂ ಬೇಕು. ‘ಮ್ಯೂಕೋಸೀಲ್’ ಎಂಬ ಮತ್ತೊಂದು ಬಗೆಯದು ಸೈನಸ್ಸನ್ನೇ ತುಂಬಿ, ಮೂಳೆಯನ್ನು ಸವೆಸಿ, ಕಣ್ಣಿಗೂ ಕೇಡು ತರಬಲ್ಲದು. ಒಂದೇ ಹೊಳ್ಳೆ ಸದಾ ಕಟ್ಟಿರುವುದು, ಅದರಿಂದ ರಕ್ತ ಬರುವುದು, ಕೆನ್ನೆಯ ಬಾವು, ಕಣ್ಣು ಮುಂದೂಡುವುದು, ಒಂದು ವಸ್ತು ಎರಡಾಗಿ ಕಾಣುವುದು—ಇವು ಕಂಡರೆ ತಡಮಾಡದೆ ಕಿವಿ-ಮೂಗು-ಗಂಟಲಿನ ತಜ್ಞರನ್ನು ಕಾಣಬೇಕು. ಅವರು ದುರ್ಬೀನಿನಿಂದ ಮೂಗಿನೊಳಗನ್ನು ಪರೀಕ್ಷಿಸಿ, ಅಗತ್ಯವಿದ್ದರೆ ಸಿ.ಟಿ. ಸ್ಕ್ಯಾನ್ ಬರೆದುಕೊಡುವರು. ಬರಿಯ ಎಕ್ಸ್‌ರೇ ನೋಡಿ ಶಸ್ತ್ರಚಿಕಿತ್ಸೆ ನಿಶ್ಚಯಿಸಲಾಗದು.

1893ರಲ್ಲಿ ನ್ಯೂಯಾರ್ಕಿನ ಕಾಲ್ಡ್‌ವೆಲ್, 1897ರಲ್ಲಿ ಪ್ಯಾರಿಸ್ಸಿನ ಲ್ಯೂಕ್ ಪ್ರಕಟಿಸಿದ ಕ್ರಮದಲ್ಲಿ ಮೇಲ್ದುಟಿಯ ಒಳಗಡೆ ಕೊಯ್ದು ಮೂಳೆ ತೆರೆಯುತ್ತಿದ್ದರು. ಈಗ ಹೆಚ್ಚಾಗಿ ಹೊಳ್ಳೆಯ ಮೂಲಕವೇ ದುರ್ಬೀನು ಹಾಯಿಸಿ ಗುಳ್ಳೆ ತೆಗೆಯುತ್ತಾರೆ. ಆದರೆ ಕೆಲಸ ಸುಲಭವಾಯಿತೆಂದ ಮಾತ್ರಕ್ಕೆ ಅನಾವಶ್ಯಕವಾದುದು ಆವಶ್ಯಕವಾಗದು. “ನನ್ನ ನೋವಿಗೆ ಈ ಗುಳ್ಳೆಯೇ ಕಾರಣವೆ? ತೆಗೆಯದಿದ್ದರೆ ಏನಾಗುತ್ತದೆ?” ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ.

ಲೋಕಲ್ ಗಾಡಿಯಲ್ಲಿ ಹೋಗಬಹುದಾದ ಸಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆಯಲ್ಲಿ ಈ ವಿಭಾಗವಿದೆ. ಆದರೆ ನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಹೊರರೋಗಿಗಳನ್ನು ನೋಡುವುದು ಬೆಳಗ್ಗೆ. ಹೊಟೇಲಿನಲ್ಲಿ ಗಿರಾಕಿಗಳು ನೆರೆಯುವುದೂ ಆಗಲೇ. ರಜೆ ಸಿಗದ ಕಾರ್ಮಿಕ ನೋವುಗುಳಿಗೆ ನುಂಗಿ ದಿನ ನೂಕುತ್ತಾನೆ, ಇಲ್ಲವೆ ರಾತ್ರಿ ತೆರೆದಿರುವ ದುಬಾರಿ ಬಾಗಿಲನ್ನು ತಟ್ಟುತ್ತಾನೆ. ಆದುದರಿಂದ ಮಾಲಕರಲ್ಲಿ ನಮ್ಮ ವಿನಂತಿ ಇಷ್ಟೇ: ಅರ್ಧ ದಿನದ ರಜೆಯನ್ನು ಸಂಬಳ ಕಡಿಯದೆ ಕೊಡಿರಿ. ಒಬ್ಬನ ಸಾಲವೂ ಮತ್ತೊಬ್ಬನ ಕಣ್ಣೂ ಅದರಿಂದ ಉಳಿದೀತು.