ಮೌನ ಬಾಡಿಗೆಗಿಲ್ಲ

ವಿದೇಶ ಪ್ರವಾಸವೆಂಬುದು ನಮ್ಮ ಮುಂಬಯಿ ಕನ್ನಡಿಗರಿಗೆ ಈಗ ಸುದ್ದಿಯೇ ಅಲ್ಲ. ಸಿಂಗಪುರ ಆಯಿತು, ಸ್ವಿಟ್ಜರ್ಲೆಂಡ್ ಆಯಿತು, ಈಗ ಗ್ರೀಸಿನ ಸರದಿ. ಅಲ್ಲಿಯೂ ಹೊಸದೊಂದು ಬೇಡಿಕೆ ಹುಟ್ಟಿಕೊಂಡಿದೆ. ಸ್ಯಾಂಟೊರಿನಿಯ ನೀಲಿ ಗುಮ್ಮಟಗಳೆದುರು ನಿಂತು ಚಿತ್ರ ತೆಗೆಸಿಕೊಂಡು ಬಂದವರೇ, 'ಆ ಗದ್ದಲ ಸಾಕಪ್ಪ, ಯಾರೂ ಕಾಣದ ಒಂದು ಕಡಲತಡಿಯ ಹಳ್ಳಿ ಇದ್ದರೆ ಹೇಳಿ, ಅಲ್ಲೊಂದು ಚೆಂದದ ಪುಟ್ಟ ಮನೆ ಸಿಕ್ಕರೆ ಸಾಕು' ಎನ್ನತೊಡಗಿದ್ದಾರೆ. ಬೇಡಿಕೆಯ ಬೆನ್ನಿಗೇ ಸರಕೂ ಬಂದಿದೆ. 'ಯಾರೂ ಮುಟ್ಟದ ದ್ವೀಪ', 'ಕಾಲ ನಿಂತುಹೋದ ಹಳ್ಳಿ' ಎಂಬ ಬಣ್ಣದ ಜಾಹೀರಾತುಗಳಿಗೆ ಈಗ ಬರವಿಲ್ಲ. ಈ ಹುಡುಕಾಟದ ಬಗ್ಗೆ ನಾವು ನಾಲ್ಕು ಮಾತು ಹೇಳಬೇಕೆಂದಿದ್ದೇವೆ. ಕೆಲವರಿಗೆ ಅದು ಕಹಿಯಾಗಬಹುದು, ಆಗಲಿ.

ಗದ್ದಲ ಬೇಡವೆನ್ನುವುದು ತಪ್ಪಲ್ಲ, ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ. ಸ್ಯಾಂಟೊರಿನಿಯಲ್ಲಿ ನೆಲೆಸಿದವರು ಸುಮಾರು 15 ಸಾವಿರ ಮಂದಿ; 2023ರಲ್ಲಿ ಅಲ್ಲಿಗೆ ಬಂದುಹೋದವರು ಸುಮಾರು 34 ಲಕ್ಷ. 2024ರ ಜುಲೈ ತಿಂಗಳ ಒಂದೇ ದಿನ 11 ಸಾವಿರ ಜನ ವಿಹಾರದ ಹಡಗುಗಳಿಂದ ಇಳಿಯಲಿದ್ದರೆಂದು, ಊರವರು ಆದಷ್ಟು ಓಡಾಟ ಕಡಿಮೆ ಮಾಡಬೇಕೆಂದು ಸ್ಥಳೀಯ ಆಡಳಿತದ ಕಡೆಯಿಂದಲೇ ಸೂಚನೆ ಹೊರಟಿತ್ತು. ಅತಿಥಿ ಬಂದನೆಂದು ಮನೆಯ ಯಜಮಾನನೇ ಕೋಣೆಯೊಳಗೆ ಅಗುಳಿ ಹಾಕಿಕೊಳ್ಳಬೇಕಾದ ಸ್ಥಿತಿ! 2025ರಿಂದ ದಿನಕ್ಕೆ 8 ಸಾವಿರ ಹಡಗುಪ್ರಯಾಣಿಕರೆಂಬ ಮಿತಿಯನ್ನೂ, ಬೇಸಗೆಯ ತಿಂಗಳುಗಳಲ್ಲಿ ತಲೆಗೆ 20 ಯೂರೊ ಸುಂಕವನ್ನೂ ತಂದರು. ಇಂಥ ಜಾತ್ರೆಯಿಂದ ದೂರ ಹೋಗಬೇಕೆನ್ನಿಸುವುದು ಸಹಜ. ಆದರೆ ಜಾತ್ರೆಯಿಂದ ಓಡುವವನು ಜಾತ್ರೆಯನ್ನು ತನ್ನ ಹೆಗಲ ಮೇಲೆಯೇ ಹೊತ್ತು ಓಡುತ್ತಿದ್ದರೆ? ನಮ್ಮ ಆಕ್ಷೇಪ ಇರುವುದು ಅಲ್ಲಿ.

'ಯಾರೂ ಕಾಣದ ಹಳ್ಳಿ' ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಈಜಿಯನ್ ಸಮುದ್ರದ ಸಿಕ್ಲಾಡಿಸ್ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಾಕ್ಸೋಸ್. ಅದರ ಪೂರ್ವದಂಡೆಯಲ್ಲಿ ಮೂತ್ಸೂನಾ ಎಂಬ ಹಳ್ಳಿಯಿದೆ. ಬಂದರಿನ ಪಟ್ಟಣದಿಂದ ಬೆಟ್ಟ ಹತ್ತಿ ಇಳಿದು ಅಲ್ಲಿಗೆ ಹೋಗಬೇಕು. ತಿಳಿನೀರು, ಕೆಲವೇ ಊಟದಂಗಡಿಗಳು, ಒಂದಷ್ಟು ಬಾಡಿಗೆ ಕೋಣೆಗಳು. ಶಾಂತಿಯನ್ನು ಹುಡುಕುವವರು ಹಿಡಿದು ಮೆರೆಸುವ ಊರು. ಆದರೆ ಆ ಹಡಗುಕಟ್ಟೆಯ ಬಳಿ ತುಕ್ಕು ಹಿಡಿದು ನಿಂತ ಕಬ್ಬಿಣದ ಸಾಮಾನುಗಳನ್ನು ನೋಡಿ ಅದೇನೆಂದು ಕೇಳುವವರೆಷ್ಟು ಜನ? ನಾಕ್ಸೋಸಿನ ಬೆಟ್ಟಗಳಲ್ಲಿ ಎಮರಿ ಎಂಬ ಗಟ್ಟಿಕಲ್ಲು ಸಿಗುತ್ತದೆ, ಸಾಣೆಗೆ ಬಳಸುವ ಕುರುಂದದ ಜಾತಿಯದು. ಪರೇಲ್, ಲಾಲಬಾಗಿನ ಕಾರ್ಖಾನೆಗಳಲ್ಲಿ ಲೇಥ್ ಮೇಲೆ ದುಡಿದ ನಮ್ಮ ಹಿರಿಯರಿಗೆ ಎಮರಿ ಕಾಗದವೆಂದರೆ ಏನೆಂದು ಹೇಳಬೇಕಾಗಿಲ್ಲ. ಆ ಕಲ್ಲನ್ನು ಅಗೆಯುವ ಹಕ್ಕು ಅಪೀರಾಂಥೋಸ್, ಕೊರೊನೋಸ್ ಮುಂತಾದ ಬೆಟ್ಟದೂರುಗಳ ಜನಕ್ಕೇ ಮೀಸಲಾಗಿತ್ತು. 1920ರ ದಶಕದಲ್ಲಿ ಕಟ್ಟಿದ ತಂತಿದಾರಿಯಲ್ಲಿ ತೊಟ್ಟಿಗಳು ತೂಗಾಡುತ್ತ ಕಲ್ಲನ್ನು ಬೆಟ್ಟದಿಂದ ಮೂತ್ಸೂನಾಕ್ಕೆ ಇಳಿಸುತ್ತಿದ್ದವು. ಅಲ್ಲಿಂದ ಅದು ಹಡಗು ಹತ್ತಿ ಲೋಕಕ್ಕೆಲ್ಲ ಹೋಗುತ್ತಿತ್ತು. ಕಾರ್ಖಾನೆಯಲ್ಲೇ ತಯಾರಾದ ಕೃತಕ ಸಾಣೆಪುಡಿ ಅಗ್ಗವಾಗಿ ಸಿಕ್ಕಮೇಲೆ ಎಮರಿಯನ್ನು ಕೇಳುವವರು ಕಡಿಮೆಯಾದರು. ತಂತಿದಾರಿ ನಿಂತಿತು. ದುಡಿಯುವ ಕೈಗಳು ಅಥೆನ್ಸಿಗೆ ಗುಳೆ ಹೊರಟವು.

ಅಂದರೆ ಮೂತ್ಸೂನಾದ ಮೌನ ದೇವರು ಕೊಟ್ಟ ಮೌನವಲ್ಲ. ಅದು ಕೆಲಸ ನಿಂತ ಊರಿನ ಮೌನ. ಮುಚ್ಚಿದ ಗಿರಣಿಯ ಅಂಗಳವೂ ನಿಶ್ಶಬ್ದವಾಗಿಯೇ ಇರುತ್ತದೆ. ಗಿರಣಗಾಂವ್‌ನಲ್ಲಿ 1982ರ ಮುಷ್ಕರದ ನಂತರ ಹರಡಿದ ಆ ನಿಶ್ಶಬ್ದವನ್ನು 'ಎಷ್ಟು ರಮ್ಯ!' ಎಂದು ಯಾರಾದರೂ ನಮ್ಮೆದುರು ಹೊಗಳಿದ್ದರೆ ನಾವು ಏನೆನ್ನುತ್ತಿದ್ದೆವು? ಒಂದು ಊರನ್ನು 'ಯಾರೂ ಕಾಣದ್ದು' ಎಂದು ಕರೆಯುವುದೆಂದರೆ ಅಲ್ಲಿ ಬಾಳಿದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು, ಅಷ್ಟೇ.

ಇನ್ನು ನೀರಿನ ಮಾತು. ನಾಕ್ಸೋಸ್ ಬರಿಯ ಮರಳುದಂಡೆಯ ದ್ವೀಪವಲ್ಲ, ಬೇಸಾಯದ ನೆಲ. ಅದರ ಆಲೂಗಡ್ಡೆಗೂ ಗಿಣ್ಣಿಗೂ ಗ್ರೀಸ್‌ನಲ್ಲೆಲ್ಲ ಹೆಸರಿದೆ. 2024ರ ಬೇಸಗೆಯಲ್ಲಿ ಅಲ್ಲಿಯ ಜಲಾಶಯಗಳು ತಳ ಕಂಡವು. ಬಾವಿಗಳಿಗೆ ಉಪ್ಪುನೀರು ನುಗ್ಗಿತು. ಆಲೂಗಡ್ಡೆ ಬೆಳೆಗಾರರು ತಲೆಯ ಮೇಲೆ ಕೈಹೊತ್ತು ಕೂತರು. ಸಮುದ್ರದ ನೀರನ್ನು ಸಿಹಿ ಮಾಡುವ ಯಂತ್ರಗಳನ್ನು ತರಿಸಿ ದ್ವೀಪ ದಿನ ದೂಡಬೇಕಾಯಿತು. ಅದೇ ಬೇಸಗೆಯಲ್ಲಿ ದ್ವೀಪಗಳ ಉದ್ದಕ್ಕೂ ವಿಲ್ಲಾಗಳ ಈಜುಕೊಳಗಳು ತುಂಬಿಯೇ ಇದ್ದವು. ಇಪ್ಪತ್ತು ಹೆಜ್ಜೆಯಲ್ಲಿ ಈಜಿಯನ್ ಸಮುದ್ರವೇ ಇರುವಾಗ ಕೋಣೆಯ ಮುಂದೆ ಇನ್ನೊಂದು ಈಜುಕೊಳ ಏಕೆ ಬೇಕು? ಬಾಂದ್ರಾದಿಂದ ದಹಿಸರದವರೆಗೆ ಟ್ಯಾಂಕರಿನ ನೀರು ಕಂಡವರು ನಾವು. ನಮಗೂ ಇದು ತಿಳಿಯದಿದ್ದರೆ ಇನ್ನಾರಿಗೆ ತಿಳಿಯಬೇಕು?

ಇಲ್ಲಿ ಒಬ್ಬರ ಹೆಸರು ಹೇಳಲೇಬೇಕು. ಅಪೀರಾಂಥೋಸಿನಲ್ಲಿ 1922ರಲ್ಲಿ ಹುಟ್ಟಿದ ಮನೋಲಿಸ್ ಗ್ಲೆಝೋಸ್. 1941ರ ಮೇ 30ರ ರಾತ್ರಿ ಗೆಳೆಯ ಸಾಂತಾಸ್‌ನೊಂದಿಗೆ ಅಕ್ರೊಪೊಲಿಸ್ ಹತ್ತಿ ನಾಜಿಗಳ ಬಾವುಟವನ್ನು ಕಿತ್ತು ಇಳಿಸಿದ ಧೀರ. ಆತ ಮುಂದೆ 1980ರ ದಶಕದಲ್ಲಿ ತನ್ನ ಊರಿಗೆ ಮರಳಿ, ಊರಿನ ಆಡಳಿತವನ್ನು ಊರ ಸಭೆಯ ಕೈಗೇ ಒಪ್ಪಿಸುವ ಪ್ರಯೋಗ ನಡೆಸಿದ. ಮಳೆನೀರು ಸಮುದ್ರಕ್ಕೆ ಹರಿದುಹೋಗದೆ ನೆಲಕ್ಕೆ ಇಂಗುವಂತೆ ಸಣ್ಣ ಸಣ್ಣ ಒಡ್ಡುಗಳ ವಿಧಾನವನ್ನೂ ರೂಪಿಸಿದ. 2020ರಲ್ಲಿ ತೀರಿಕೊಂಡ. ಪ್ರವಾಸಿಯ ಕೈಪಿಡಿಯಲ್ಲಿ ಬಾವುಟದ ಕಥೆಯೇನೋ ಸಿಕ್ಕೀತು. ಒಡ್ಡಿನ ಕಥೆ ಅಪರೂಪ. ಆದರೆ ನಮ್ಮ ಸ್ನಾನದ ನೀರಿಗೆ ಸಂಬಂಧಿಸಿದ್ದು ಎರಡನೆಯ ಕಥೆ.

ಮೂರನೆಯದು ದಂಡೆ. ಗ್ರೀಸಿನ ಕಾನೂನಿನಲ್ಲಿ ಕಡಲದಂಡೆ ಸಾರ್ವಜನಿಕರ ಸೊತ್ತು. ಯಾರೂ ಬೇಲಿ ಹಾಕುವಂತಿಲ್ಲ. ಆದರೆ ಬೇಲಿಯಿಲ್ಲದೆಯೂ ಬೇಲಿ ಹಾಕಬಹುದು. ಬಾಡಿಗೆಯ ಮಂಚಗಳನ್ನೂ ಛತ್ರಿಗಳನ್ನೂ ಸಾಲುಸಾಲಾಗಿ ನೀರಿನಂಚಿನವರೆಗೆ ಹೂಡಿದರೆ ಸಾಕು, ಊರವನಿಗೆ ವಸ್ತ್ರ ಹಾಸಲೂ ಜಾಗ ಉಳಿಯುವುದಿಲ್ಲ. ನಾಕ್ಸೋಸಿನ ನೆರೆಯ ಪಾರೋಸ್ ದ್ವೀಪದ ಜನ 2023ರ ಬೇಸಗೆಯಲ್ಲಿ ತಮ್ಮ ದಂಡೆ ತಮಗೆ ಬೇಕೆಂದು ಬೀದಿಗಿಳಿದರು. ಘೋಷಣೆಯ ಫಲಕದ ಜತೆಗೆ ಅವರ ಹೆಗಲ ಮೇಲಿದ್ದದ್ದು ಮೈ ಒರೆಸುವ ಟವೆಲು! ಟವೆಲು ಚಳವಳಿಯೆಂದೇ ಅದಕ್ಕೆ ಹೆಸರಾಯಿತು, ಬೇರೆ ದ್ವೀಪಗಳಿಗೂ ಹಬ್ಬಿತು. 2024ರಲ್ಲಿ ಸರಕಾರ ಹೊಸ ಕಾನೂನು ತಂದು, ಪ್ರತಿ ದಂಡೆಯಲ್ಲೂ ಕನಿಷ್ಠ ಅರ್ಧ ಜಾಗ ಖಾಲಿ ಬಿಡಬೇಕು, ನೀರಿನಿಂದ 4 ಮೀಟರಿನೊಳಗೆ ಮಂಚ ಹೂಡಬಾರದು ಎಂದಿತು. 198 ದಂಡೆಗಳಲ್ಲಿ ಬಾಡಿಗೆ ಮಂಚಗಳೇ ಕೂಡದೆಂದು ಪಟ್ಟಿ ಮಾಡಿತು. ಉಳಿದರ್ಧವನ್ನು ಹರಾಜಿಗಿಡುವುದೂ ಸರಿಯೇ ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಆದರೆ ಒಂದು ಮಾತು ಸ್ಪಷ್ಟ. ನಾವು ಹುಡುಕಿಕೊಂಡು ಹೋಗುವ ಶಾಂತ ದಂಡೆ ಎಲ್ಲಿಯಾದರೂ ಉಳಿದಿದ್ದರೆ, ಅದರ ಹಿಂದೆ ಊರವರ ಜಗಳವೊಂದು ಇದ್ದೇ ಇರುತ್ತದೆ.

'ನೀವು ಹೀಗೆ ಹೇಳಿದರೆ ಅವರ ಹೊಟ್ಟೆಪಾಡೇನು? ಪ್ರವಾಸಿಗಳೇ ಅವರ ಅನ್ನ' ಎಂದು ಓದುಗರು ಕೇಳಬಹುದು. ನ್ಯಾಯವಾದ ಪ್ರಶ್ನೆ. 2010ರ ಸಾಲದ ಬಿಕ್ಕಟ್ಟಿನಲ್ಲಿ ಮುಗ್ಗರಿಸಿದ ಆ ದೇಶಕ್ಕೆ ಪ್ರವಾಸೋದ್ಯಮ ಆಸರೆಯಾದದ್ದು ನಿಜ. ಒಂದು ಕೋಟಿಗಿಷ್ಟು ಹೆಚ್ಚಿನ ಜನಸಂಖ್ಯೆಯ ದೇಶಕ್ಕೆ 2023ರಲ್ಲಿ ಬಂದ ವಿದೇಶೀಯರು 3 ಕೋಟಿಗೂ ಮಿಕ್ಕಿ. ಹೋಗಬೇಡಿರೆಂದು ನಾವು ಹೇಳುತ್ತಿಲ್ಲ. ಹೋದ ಹಣ ಯಾರ ಕೈಗೆ ಹೋಗುತ್ತದೆಂದು ನೋಡಿ ಎನ್ನುತ್ತಿದ್ದೇವೆ. ಬೇರೆಲ್ಲಿಯೋ ಕುಳಿತ ಬಂಡವಾಳಗಾರನ ಹತ್ತು ವಿಲ್ಲಾಗಳಿಗೆ ಹೋದರೆ ಊರಿಗೆ ದಕ್ಕುವುದು ಗುಡಿಸುವ, ಒರೆಸುವ ಕೂಲಿ ಮಾತ್ರ. ಮೇಲಾಗಿ, ಮನೆಗಳೆಲ್ಲ ಪ್ರವಾಸಿಗಳ ದಿನಬಾಡಿಗೆಗೆ ತಿರುಗಿ, ಶಾಲೆಯ ಮೇಷ್ಟ್ರಿಗೆ, ಆಸ್ಪತ್ರೆಯ ವೈದ್ಯರಿಗೆ ವಾಸಕ್ಕೆ ಮನೆಯೇ ಸಿಗದ ದ್ವೀಪಗಳು ಅಲ್ಲಿ ಎಷ್ಟೋ ಇವೆ. ಮೇಷ್ಟ್ರಿಲ್ಲದ ಊರಿನಲ್ಲಿ ಮಕ್ಕಳಿರುವುದಿಲ್ಲ. ಮಕ್ಕಳಿಲ್ಲದ ಊರು ಖಂಡಿತ ಶಾಂತವಾಗಿರುತ್ತದೆ!

ಹಾಗಾದರೆ ಹೇಗೆ ಹೋಗಬೇಕು? ನಮ್ಮ ಉತ್ತರ ಸರಳವಾಗಿದೆ. ಮನೆಯವರೇ ನಡೆಸುವ ಕೋಣೆಗಳನ್ನು ಹಿಡಿಯಿರಿ. 'ದೊಮಾತಿಯಾ' ಎಂದು ಫಲಕ ಹಾಕಿರುತ್ತಾರೆ, ಕೋಣೆಗಳು ಎಂದರ್ಥ. ಮಹಡಿಯಲ್ಲಿ ನೀವು, ಕೆಳಗೆ ಅವರು. ಇದಕ್ಕಿಂತ ಚೆಂದದ ವಸತಿ ಬೇರಿಲ್ಲ. ಜುಲೈ, ಆಗಸ್ಟ್ ಬಿಟ್ಟು ಮೇ ಅಥವಾ ಸೆಪ್ಟೆಂಬರ್ ಕೊನೆಗೆ ಹೋಗಿ; ಆಗ ನೀರಿನ ಮೇಲೆ ಒತ್ತಡವೂ ಕಡಿಮೆ, ಕೋಣೆಯವರಿಗೆ ಗಿರಾಕಿಯ ಅಗತ್ಯವೂ ಹೆಚ್ಚು. ಏಳು ದಿನಕ್ಕೆ ಐದು ದ್ವೀಪವೆಂಬ ಓಟ ಬಿಟ್ಟು ಒಂದೇ ಊರಿನಲ್ಲಿ ಏಳು ದಿನವಿರಿ. ನಾಕ್ಸೋಸಿನ ವಿಮಾನಪಟ್ಟಿ ಚಿಕ್ಕದು, ದೊಡ್ಡ ಜೆಟ್ ವಿಮಾನ ಅಲ್ಲಿ ಇಳಿಯಲಾರದು. ಪಿರೇಯಸ್ ಬಂದರಿನಿಂದ ಸಾಮಾನ್ಯ ಹಡಗಿನಲ್ಲಿ ಹೋದರೆ ಐದಾರು ತಾಸು. ಇದನ್ನು ಅನನುಕೂಲವೆಂದು ಗೊಣಗುವವರಿಗೆ ಆ ಅನನುಕೂಲವೇ ಊರನ್ನು ಕಾದಿದೆಯೆಂದು ತಿಳಿದಿರಲಿ.

ಊಟದ ಚಿಂತೆಯೇ? ಭಾರತದಿಂದ ಅಡಿಗೆಯವರನ್ನೂ ಹಪ್ಪಳವನ್ನೂ ಹೊತ್ತು ಸಾಗುವ ತಂಡಗಳ ಪೈಕಿ ನಾವಾಗುವುದು ಬೇಡ. ಅಲ್ಲಿಯ ಕ್ರೈಸ್ತರಿಗೂ ಮಾಂಸ, ಹಾಲು ಮುಟ್ಟದ ವ್ರತದ ದಿನಗಳು ಬಹಳ. ಹೀಗಾಗಿ ಎಣ್ಣೆಯಲ್ಲಿ ಬೇಯಿಸಿದ ತರಕಾರಿ, ಕಡಲೆ, ದಪ್ಪ ಅವರೆಯ ಜಾತಿಯ ಕಾಳು, ಬೆಟ್ಟದ ಸೊಪ್ಪು ಯಾವ ಹಳ್ಳಿಯಲ್ಲೂ ಸಿಗುತ್ತದೆ. ಏಕಾದಶಿ ಗೊತ್ತಿರುವ ಜನ ನಾವು, ಇದು ನಮಗೆ ಪರಕೀಯವಾಗಬಾರದು.

ಇದೆಲ್ಲ ಗ್ರೀಸಿನವರ ತಾಪತ್ರಯ, ಸಂಘದ ಪತ್ರಿಕೆಗೇಕೆ ಎಂದು ಕೇಳುವವರೂ ಇದ್ದಾರು. ಅವರಿಗೆ ಎರಡು ಮಾತು. ಅಥೆನ್ಸಿಗೆ ಹೊಟ್ಟೆಪಾಡಿಗೆ ಹೋದ ದ್ವೀಪದವರು ಅಲ್ಲಿ ತಮ್ಮ ತಮ್ಮ ಊರಿನ ಹೆಸರಿನಲ್ಲಿ ಸಂಘಗಳನ್ನು ಕಟ್ಟಿಕೊಂಡಿದ್ದಾರೆ, ಥೇಟ್ ನಮ್ಮಂತೆ. ಆಗಸ್ಟ್ 15ರ ಮೇರಿಯಮ್ಮನ ಹಬ್ಬಕ್ಕೆ ಅವರು ಊರಿಗೆ ಹೊರಡುತ್ತಾರೆ, ಥೇಟ್ ನಾವು ಚೌತಿಗೋ ಊರ ತೇರಿಗೋ ಹೊರಟಂತೆ. ಆದರೆ ಅದೇ ವಾರ ಹಡಗಿನ ಟಿಕೇಟಿಗೂ ಕೋಣೆಗೂ ವರ್ಷದಲ್ಲೇ ಹೆಚ್ಚಿನ ನೂಕುನುಗ್ಗಲು. ಊರ ಮಗನೇ ಊರ ಹಬ್ಬದ ಖರ್ಚಿಗೆ ಹಿಂದೆಮುಂದೆ ನೋಡಬೇಕು, ಏಕೆಂದರೆ ಆ ವಾರ 'ಯಾರೂ ಕಾಣದ ಹಳ್ಳಿ'ಯನ್ನು ಹುಡುಕುವವರು ಬಂದಿಳಿದಿರುತ್ತಾರೆ.

ಎರಡನೆಯದು ನಮ್ಮದೇ ಕರಾವಳಿ. ಗೋಕರ್ಣದ ಕುಡ್ಲೆ, ಓಂ ದಂಡೆಗಳನ್ನು 'ಶಾಂತ' ಎಂದು ಕೊಂಡಾಡಿ ಬಂದವರ ಹಿಂದೆಯೇ ರಸ್ತೆ ಬಂತು, ರೆಸಾರ್ಟು ಬಂತು. 2011ರ ಕರಾವಳಿ ನಿಯಂತ್ರಣ ಅಧಿಸೂಚನೆಯಲ್ಲಿ ಹಳ್ಳಿಗಾಡಿನ ದಂಡೆಯಿಂದ 200 ಮೀಟರಿನವರೆಗೆ ಹೊಸ ಕಟ್ಟಡ ಕೂಡದೆಂದಿತ್ತು. 2019ರ ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಲ್ಲಿ ಆ ಅಂತರವನ್ನು 50 ಮೀಟರಿಗೆ ಇಳಿಸಿತು. ಗ್ರೀಕರು ಟವೆಲು ಹೊತ್ತು ಕಾನೂನನ್ನು ನೀರಿನಿಂದ ಹಿಂದಕ್ಕೆ ಸರಿಸುತ್ತಿದ್ದರೆ, ನಮ್ಮಲ್ಲಿ ಅದು ನೀರಿನ ಕಡೆಗೆ ನಡೆಯುತ್ತಿದೆ. ಮೀನು ಒಣಗಿಸುವವರ, ಬಲೆ ಹರಡುವವರ ಜಾಗ ಯಾರ ಸೂರ್ಯಾಸ್ತಕ್ಕೆ ಮೀಸಲಾಗುತ್ತಿದೆ? ನಮ್ಮೂರ ಮನೆಯನ್ನು ಹೋಂಸ್ಟೇ ಮಾಡಲು ಮುಂಬಯಿಯಿಂದಲೇ ಫೋನಿನಲ್ಲಿ ಮಾತು ಮುಗಿಸುವವರು ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಳ್ಳಲಿ.

ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಗ್ರೀಕ್ ಪ್ರಹಸನವೊಂದರಲ್ಲಿ ಕನ್ನಡದ ಮಾತುಗಳಿವೆಯೆಂದು 1904ರಲ್ಲಿ ಹುಲ್ಟ್ಶ್ ಸೂಚಿಸಿದ್ದನ್ನು, ಆಮೇಲೆ ಶಾಮಾಶಾಸ್ತ್ರಿಗಳೂ ಗೋವಿಂದ ಪೈಗಳೂ ಅದನ್ನು ಚರ್ಚಿಸಿದ್ದನ್ನು ನಮ್ಮ ಓದುಗರು ಬಲ್ಲರು. ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಕಥೆಯಲ್ಲಂತೂ ಗ್ರೀಕರು ಭಾರತದ ಕರಾವಳಿಗೆ ಬಂದು, ಅಲ್ಲಿಯ ಅರಸನಿಗೆ ನೀರು ಬೆರಸದ ಮದ್ಯ ಕುಡಿಸಿ, ತಮ್ಮ ಹುಡುಗಿಯನ್ನು ಬಿಡಿಸಿಕೊಂಡು ಹಡಗು ಹತ್ತುತ್ತಾರೆ. ಪರರ ದಂಡೆಗೆ ಹೋದವರು ಹೇಗೆ ನಡೆದುಕೊಳ್ಳುತ್ತಾರೆಂಬ ಕಥೆ ಅಷ್ಟು ಹಳೆಯದು. ಗ್ರೀಕರ ಭಾಷೆಯಲ್ಲಿ 'ಕ್ಸೆನೋಸ್' ಎಂಬ ಒಂದೇ ಪದಕ್ಕೆ ಪರಕೀಯನೆಂದೂ ಅತಿಥಿಯೆಂದೂ ಎರಡರ್ಥ. ಎರಡರಲ್ಲಿ ಯಾವುದಾಗಬೇಕೆಂಬುದು ಹೋದವನ ಕೈಯಲ್ಲಿದೆ.

ಆದ್ದರಿಂದ, ಮುಂದಿನ ಬಾರಿ ಪ್ರವಾಸ ಕಂಪನಿಯವನು 'ಯಾರೂ ಕಾಣದ ಹಳ್ಳಿಯೊಂದಿದೆ' ಎಂದಾಗ, ಅಲ್ಲಿ ಯಾರಿದ್ದಾರೆ, ಅವರಿಗೆ ನೀರಿದೆಯೇ, ದಂಡೆಯಲ್ಲಿ ಅವರಿಗೆ ಜಾಗವಿದೆಯೇ ಎಂದು ಮೂರು ಪ್ರಶ್ನೆ ಕೇಳಿ. ಉತ್ತರ ಬಾರದಿದ್ದರೆ ಮುಂಗಡ ಕೊಡಬೇಡಿ.