ದುಡಿಮೆ ಕೊಡ್ಲಿಯಲ್ಲಿ, ತೆರಿಗೆ ಹೈದರಾಬಾದಿನಲ್ಲಿ

2020ರ ಸಾಂಕ್ರಾಮಿಕದ ದಿನಗಳಲ್ಲಿ ಊರಿಗೆ ಮರಳಿದ ನೌಕರರಲ್ಲಿ ಕೆಲವರು ಇಂದಿಗೂ ಮನೆಯಿಂದಲೇ ದುಡಿಯುತ್ತಿರುವರು. ಕೊಡ್ಲಿಯ ತರುಣನೊಬ್ಬನು ತನ್ನ ಪಡಸಾಲೆಯಲ್ಲಿ ಕುಳಿತು ಹೈದರಾಬಾದಿನ ಕಂಪನಿಯ ಲೆಕ್ಕಪತ್ರಗಳನ್ನು ಗಣಕಯಂತ್ರದಲ್ಲಿ ಬರೆಯುವುದು ಈಗ ಸೋಜಿಗದ ಮಾತಲ್ಲ. ಆದರೆ ಅವನ ತೆರಿಗೆಯು ಯಾವ ರಾಜ್ಯದ ಬೊಕ್ಕಸಕ್ಕೆ ಸಲ್ಲತಕ್ಕದ್ದು?

ಸಂಬಳದ ಮೇಲಣ ವರಮಾನ ತೆರಿಗೆಯು ಕೇಂದ್ರ ಸರಕಾರದ ಅಧಿಕಾರಕ್ಕೆ ಸೇರಿದ್ದು. ಆದುದರಿಂದ ಅಮೇರಿಕೆಯಲ್ಲಿ ನ್ಯೂ ಹ್ಯಾಂಪ್‌ಶೈರ್, ಮ್ಯಾಸಚೂಸೆಟ್ಸ್ ರಾಜ್ಯಗಳು ಮನೆಯಲ್ಲಿ ದುಡಿಯುವವರ ತೆರಿಗೆಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದಂಥ ಪ್ರಸಂಗವು ನಮ್ಮಲ್ಲಿ ಒದಗಿಲ್ಲ. (ಆ ಕೋರ್ಟು 2021ರಲ್ಲಿ ಮೊಕದ್ದಮೆಯನ್ನು ಕೈಗೆತ್ತಿಕೊಳ್ಳಲೇ ಇಲ್ಲ!) ಆದರೆ ವೃತ್ತಿ ತೆರಿಗೆಯು ರಾಜ್ಯಗಳದು. ಸಂವಿಧಾನದ 276ನೆಯ ವಿಧಿಯಂತೆ, 1988ರ ತಿದ್ದುಪಡಿಯಿಂದೀಚೆಗೆ, ಅದರ ಪರಮಾವಧಿ ವರ್ಷಕ್ಕೆ 2,500 ರೂಪಾಯಿ.

ಇಷ್ಟು ಅಲ್ಪ ಮೊತ್ತಕ್ಕೆ ಇಷ್ಟೊಂದು ಮಾತೇಕೆಂದು ಅಧಿಕಾರಿಗಳು ನಗಬಹುದು. ನಗುವ ಮುನ್ನ ಲೆಕ್ಕ ನೋಡಲಿ. ಕರ್ನಾಟಕದಲ್ಲಿ 2023ರ ಏಪ್ರಿಲಿನಿಂದ ತಿಂಗಳಿಗೆ 25,000 ರೂಪಾಯಿಗೆ ಕಡಿಮೆಯಿರುವ ಸಂಬಳಕ್ಕೆ ಈ ತೆರಿಗೆಯಿಲ್ಲ. ತೆಲಂಗಾಣದಲ್ಲಾದರೋ 15,000 ದಾಟಿದೊಡನೆ ತಿಂಗಳಿಗೆ 150, 20,000 ದಾಟಿದರೆ 200 ರೂಪಾಯಿ. 22,000 ಸಂಬಳದ ನಮ್ಮ ತರುಣನ ಹೆಸರು ಹೈದರಾಬಾದಿನ ಕಚೇರಿಯ ಪಟ್ಟಿಯಲ್ಲಿದ್ದರೆ ವರ್ಷಕ್ಕೆ 2,400 ರೂಪಾಯಿ ಕಡಿತವಾಗುವುದು. ಅದೇ ಸಂಬಳಕ್ಕೆ ಕಲಬುರಗಿಯ ಅಂಗಡಿಯಲ್ಲಿ ದುಡಿಯುವ ನೆರೆಮನೆಯವನಿಗೆ ಒಂದು ಕಾಸೂ ಇಲ್ಲ. ಒಂದೇ ಓಣಿಯ ಇಬ್ಬರಿಗೆ ಎರಡು ಕಾನೂನೆ? ಸಂಬಳ 30,000 ಆದರೆ ನೌಕರನಿಗೆ ನಷ್ಟವಿಲ್ಲ, ಕರ್ನಾಟಕಕ್ಕೆ ನಷ್ಟ. ಅವನು ತಿರುಗಾಡುವ ರಸ್ತೆ, ಅವನ ಮಕ್ಕಳ ಶಾಲೆ, ಇವುಗಳ ವೆಚ್ಚವನ್ನು ಹೊರುವುದು ಈ ರಾಜ್ಯವೇ ಅಲ್ಲವೆ?

ತಾಂಡೂರು, ಕೊಡಂಗಲ್ ತಾಲೂಕುಗಳು 1956ರ ವರೆಗೆ ಕಲಬುರಗಿ ಜಿಲ್ಲೆಯಲ್ಲಿಯೇ ಇದ್ದವು. ವಾಡಿ, ಚಿತ್ತಾಪುರ, ಸೇಡಂಗಳಿಂದ ಹೊರಟ ರೈಲು ಇಂದಿಗೂ ತಾಂಡೂರಿನ ಮೇಲೆಯೇ ಹೈದರಾಬಾದಿನ ಕಡೆಗೆ ಸಾಗುವುದು. ಗಡಿ ಬದಲಾದರೂ ಇಲ್ಲಿಯ ಜನರು ಹೊಟ್ಟೆಪಾಡಿಗಾಗಿ ಹಿಡಿಯುವ ದಾರಿ ಬದಲಾಗಲಿಲ್ಲ. ಆದುದರಿಂದ ಈ ಪ್ರಶ್ನೆಯು ಬೆಂಗಳೂರಿನವರಿಗಿಂತ ನಮ್ಮ ಭಾಗದವರಿಗೆ ಹೆಚ್ಚು ಹತ್ತಿರದ್ದು.

ಉಭಯ ಸರಕಾರಗಳು ಕೂಡಿ ಒಂದು ಒಪ್ಪಂದ ಮಾಡಿಕೊಳ್ಳಲಿ. ನೌಕರನು ವರ್ಷದ ಹೆಚ್ಚು ದಿನ ಯಾವ ರಾಜ್ಯದಲ್ಲಿ ಕುಳಿತು ದುಡಿಯುವನೋ ಆ ರಾಜ್ಯಕ್ಕೆ ಮಾತ್ರ ವೃತ್ತಿ ತೆರಿಗೆ ಸಲ್ಲಲಿ. ಊರು ಬದಲಿಸಿದವನ ಒಂದು ಬರಹವನ್ನು ಕಂಪನಿಯವರು ಸಾಕ್ಷಿಯೆಂದು ಒಪ್ಪಲಿ. ಕರ್ನಾಟಕದ 1976ರ ವೃತ್ತಿ ತೆರಿಗೆ ಕಾಯಿದೆಯು ಇಂಥ ದುಡಿಮೆಯನ್ನು ಕನಸಿನಲ್ಲಿಯೂ ಕಂಡಿರಲಾರದು. ಅದನ್ನು ತಿದ್ದುವ ಮಸೂದೆಯನ್ನು ಮುಂದಿನ ಅಧಿವೇಶನದಲ್ಲಿಯೇ ತರುವಂತೆ ಈ ಭಾಗದ ಶಾಸಕರು ಒತ್ತಾಯಿಸಬೇಕು.