ಹಳೇಬೀಡೂ ದಿಲ್ಲಿಯ ಕಟ್ಟಳೆಯೂ

2023ನೆಯ ಇಸವಿ ಸೆಪ್ಟೆಂಬರ್ 18ರಂದು ರಿಯಾದ್ ನಗರದಲ್ಲಿ ಕೂಡಿದ್ದ ಯುನೆಸ್ಕೋ ಸಂಸ್ಥೆಯ ಸಮಿತಿಯು ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳನ್ನು ವಿಶ್ವಪರಂಪರೆಯ ಪಟ್ಟಿಯಲ್ಲಿ ಸೇರಿಸಿತು. ಕನ್ನಡಿಗರು ಹಿಗ್ಗಿದರು, ಹಿಗ್ಗತಕ್ಕದ್ದೇ. ಆದರೆ ಈ ಕೀರ್ತಿಯ ಭಾರವನ್ನು ಅನುದಿನವೂ ಹೊರತಕ್ಕವರು ದೇವಾಲಯದ ಸುತ್ತಲೂ ಮನೆಮಾಡಿಕೊಂಡಿರುವ ಹಳೇಬೀಡಿನ ಒಕ್ಕಲುಗಳು. ಕೇಂದ್ರ ಸರ್ಕಾರದ ಸಂಸ್ಕೃತಿ ಸಚಿವಾಲಯವೂ ಅದರ ಅಧೀನದಲ್ಲಿರುವ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯೂ ಈ ಜನರೊಡನೆ ಹೇಗೆ ನಡೆದುಕೊಳ್ಳಬೇಕೆಂಬುದೇ ಈ ವಾರ ನಾವು ವಾಚಕರ ಮುಂದಿಡುವ ವಿಚಾರ.

ರಕ್ಷಣೆಯೇ ಬೇಡವೆನ್ನುವವರ ಪಕ್ಷ ನಮ್ಮದಲ್ಲ. 1311ರಲ್ಲಿ ಮಲಿಕ್ ಕಾಫರನ ದಂಡು ದ್ವಾರಸಮುದ್ರದ ಮೇಲೆ ಬಿದ್ದುದನ್ನು ಶಾಲೆಯ ಹುಡುಗರೂ ಬಲ್ಲರು. ಆದರೆ ಅದೇ ಊರಿನ ಕೇದಾರೇಶ್ವರದ ಶಿಖರವನ್ನು ಕೆಡವಿದುದು ಯಾವ ದಂಡೂ ಅಲ್ಲ. ಕಲ್ಲಿನ ಸಂದಿಯಲ್ಲಿ ಬೇರುಬಿಟ್ಟ ಮರ! ಶತ್ರುವಿನ ಕೊಡಲಿಯಷ್ಟೇ ನಮ್ಮವರ ಉದಾಸೀನತೆಯೂ ಹಾಳುಮಾಡಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮೈಸೂರು ಸಂಸ್ಥಾನದವರು 1885ರಲ್ಲಿ ಪ್ರಾಕ್ತನ ಇಲಾಖೆಯನ್ನು ತೆರೆದು, ರೈಸ್ ಸಾಹೇಬರು, ನರಸಿಂಹಾಚಾರ್ಯರು ಮೊದಲಾದ ವಿದ್ವಾಂಸರ ಕೈಗೆ ಅದನ್ನು ಒಪ್ಪಿಸಿರದಿದ್ದರೆ ಹಾಸನ ಸೀಮೆಯ ಎಷ್ಟು ಶಾಸನಗಳು ಬಟ್ಟೆ ಒಗೆಯುವ ಕಲ್ಲುಗಳಾಗಿ ಸವೆದುಹೋಗುತ್ತಿದ್ದುವೋ ಹೇಳಬರುವಂತಿಲ್ಲ. ಭಾರತವು ಗಣರಾಜ್ಯವಾದ ಮೇಲೆ ಈ ದೇವಾಲಯಗಳು ರಾಷ್ಟ್ರೀಯ ಮಹತ್ವದ ಸ್ಮಾರಕಗಳೆನಿಸಿ ಕೇಂದ್ರದ ವಶಕ್ಕೆ ಬಂದುವು. ಅದೂ ಯುಕ್ತವೇ.

ಇನ್ನು ಕಾಯಿದೆಯ ಮಾತು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಸ್ಮಾರಕದ ಎಲ್ಲೆಯಿಂದ 100 ಮೀಟರು ನಿಷಿದ್ಧ ಪ್ರದೇಶ. ಅಲ್ಲಿ ಹೊಸ ಕಟ್ಟಡ ಕೂಡದು. ಅದರಾಚೆಗೆ ಇನ್ನೂ 200 ಮೀಟರು ನಿಯಂತ್ರಿತ ಪ್ರದೇಶ. ಅಲ್ಲಿ ಅನುಮತಿ ಪಡೆದು ಕಟ್ಟಬೇಕು. ನಿಷಿದ್ಧ ಪ್ರದೇಶದ ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಅರ್ಜಿಯು ಸಕ್ಷಮಾಧಿಕಾರಿಗೆ ಹೋಗಿ, ಅಲ್ಲಿಂದ ದಿಲ್ಲಿಯ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗಿ, ಅದರ ಅಭಿಪ್ರಾಯವನ್ನು ಹೊತ್ತು ಹಿಂದಿರುಗಬೇಕು. ಮೀರಿ ಕಟ್ಟಿದವನಿಗೆ ಎರಡು ವರ್ಷದವರೆಗೆ ಕಾರಾಗೃಹ, ಇಲ್ಲವೆ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ.

ಆಷಾಢದ ಮಳೆಗೆ ಹಿತ್ತಿಲ ಗೋಡೆ ಕುಸಿದ ಗೃಹಸ್ಥನೊಬ್ಬನನ್ನು ವಾಚಕರು ಕಣ್ಣಮುಂದೆ ತಂದುಕೊಳ್ಳಲಿ. ಅವನು ಗೋಡೆ ಎಬ್ಬಿಸುವ ಮುನ್ನ ದಿಲ್ಲಿಯ ಅಭಿಪ್ರಾಯವನ್ನು ಕಾಯಬೇಕು. ಅವನಿಗೆ ದಂಡ ವಿಧಿಸಬಲ್ಲ ಕಟ್ಟಳೆಯಾದರೋ ಇಂಗ್ಲಿಷು ಹಿಂದಿಗಳಲ್ಲಿ ಅಚ್ಚಾಗುವ ಭಾರತ ಸರ್ಕಾರದ ಗೆಜೆಟ್ಟಿನಲ್ಲಿದೆ. ಕಾಯಿದೆ ಅರಿಯದಿರುವುದು ಕ್ಷಮೆಗೆ ಕಾರಣವಲ್ಲವೆಂದು ನ್ಯಾಯಾಲಯಗಳಲ್ಲಿ ನಾವೇ ವಾದಿಸುತ್ತೇವೆ. ಸರಿಯೆ, ಆದರೆ ಅರಿಯಬಲ್ಲ ಭಾಷೆಯಲ್ಲಿ ಅದನ್ನು ಹೇಳತಕ್ಕ ಹೊಣೆ ಸರ್ಕಾರದ್ದಲ್ಲವೆ?

ಇಲ್ಲಿ ಒಂದು ವಿಚಿತ್ರವನ್ನು ಹೇಳದಿರಲಾರೆವು. ಬಳ್ಳಿಗಾವೆಯಿಂದ ಬೇಲೂರಿಗೆ ಬಂದ ದಾಸೋಜನೂ ಅವನ ಮಗ ಚಾವಣನೂ ತಾವು ಕಡೆದ ವಿಗ್ರಹಗಳ ಕೆಳಗೆ ತಮ್ಮ ಹೆಸರನ್ನು ಕನ್ನಡದಲ್ಲಿ ಕೆತ್ತಿದರು. ಹಳೇಬೀಡಿನ ಶಿಲ್ಪಿಗಳೂ ಹಾಗೆಯೇ ಮಾಡಿದರು. ಎಂಟುನೂರು ವರ್ಷಗಳಿಗೂ ಹಿಂದೆ ಉಳಿಹಿಡಿದವನ ರುಜುವು ಕನ್ನಡದಲ್ಲಿದೆ. ಆ ರುಜುವನ್ನು ಕಾಯುವ ಕಟ್ಟಳೆ ಮಾತ್ರ ಕನ್ನಡದಲ್ಲಿಲ್ಲ.

ಇದು ಭಾಷಾಭಿಮಾನದ ಹಟವಲ್ಲ. ಆಲೂರು ವೆಂಕಟರಾಯರಿಗೆ 1905ರಲ್ಲಿ ಕರ್ಣಾಟಕತ್ವದ ಸ್ಫೂರ್ತಿಯುಂಟಾದುದು ಹಂಪೆಯ ಹಾಳು ಕಲ್ಲುಗಳ ನಡುವೆ. 1917ರಲ್ಲಿ ಅವರ ‘ಕರ್ಣಾಟಕ ಗತವೈಭವ’ವು ಹೊರಬಂದಿತು, 1956ರಲ್ಲಿ ಕನ್ನಡ ನಾಡು ಒಂದಾಯಿತು. ಕಲ್ಲು ತನ್ನದೆಂದು ತಿಳಿದ ಜನ ಅದಕ್ಕಾಗಿ ಎಷ್ಟು ದೂರ ನಡೆದಾರೆಂಬುದನ್ನು ಇದರಿಂದ ತಿಳಿಯಬಹುದು. ಕಲ್ಲೆಂದರೆ ನೋಟೀಸು, ಕಲ್ಲೆಂದರೆ ದಂಡ ಎಂದು ಅದೇ ಜನಕ್ಕೆ ತೋರುವಂತಾದರೆ ಬೇಲಿಯೂ ಕಾವಲುಗಾರನೂ ಏನು ಮಾಡಿಯಾರು? ರಾತ್ರಿಹೊತ್ತು ವಿಗ್ರಹಕ್ಕೆ ಕೈಹಾಕಿದವನನ್ನು ಮೊದಲು ಕಾಣುವವನು ನೆರೆಮನೆಯವನೇ ಹೊರತು ದಿಲ್ಲಿಯ ಕಾರ್ಯದರ್ಶಿಯಲ್ಲ.

ಮದ್ದು ಅದೇ ಕಾಯಿದೆಯಲ್ಲಿದೆ. ಒಂದೊಂದು ಸ್ಮಾರಕಕ್ಕೂ ಅದರದೇ ಪಾರಂಪರಿಕ ಉಪವಿಧಿಗಳನ್ನು ರಚಿಸಬೇಕೆಂದು 2010ರ ತಿದ್ದುಪಡಿಯೇ ವಿಧಿಸುತ್ತದೆ. ಅಂಥ ಉಪವಿಧಿಗಳ ಕರಡೂ ನಕ್ಷೆಯೂ ಹಳೇಬೀಡಿಗೆ ಕನ್ನಡದಲ್ಲಿ ಬರಬೇಕು; ಊರವರ ಸಭೆಯಲ್ಲಿ ಓದಲ್ಪಡಬೇಕು; ಎಲ್ಲಿಯವರೆಗೆ ನಿಷೇಧ, ಹೆಂಚು ಹೊದಿಸಲು ಯಾರನ್ನು ಕೇಳಬೇಕು ಎಂಬುದು ಪೇಟೆಬೀದಿಯಲ್ಲಿ ಹಲಗೆಯ ಮೇಲೆ ಕಾಣಬೇಕು. ಅನುಮತಿ ನಿರಾಕರಿಸಿದರೆ ಕಾರಣವೂ ಕನ್ನಡದಲ್ಲಿಯೇ ಕೈಸೇರಬೇಕು. ಬಡವನ ಗೋಡೆಯನ್ನು ಮುಂದೆಮಾಡಿ ದೇವಾಲಯದ ಎದುರಿಗೇ ಉಪ್ಪರಿಗೆಯ ವಸತಿಗೃಹ ಎಬ್ಬಿಸಬಯಸುವ ಧನಿಕರ ವಕಾಲತ್ತನ್ನು ನಾವು ವಹಿಸುವುದಿಲ್ಲ. ಅಂಥವರಿಗೆ ಕಾಯಿದೆಯ ಪೂರ್ಣ ಬಿಸಿ ತಟ್ಟಲಿ.

ಹಾಸನ ಜಿಲ್ಲೆಯ ಪ್ರತಿನಿಧಿಗಳು ಈ ಸಂಗತಿಯನ್ನು ಲೋಕಸಭೆಯಲ್ಲಿಯೂ ವಿಧಾನಸಭೆಯಲ್ಲಿಯೂ ಎತ್ತಲಿ. ಉಪಾಧ್ಯಾಯರು ತಮ್ಮ ವಿದ್ಯಾರ್ಥಿಗಳನ್ನು ದೇವಾಲಯದ ಬಳಿಗೆ ಕರೆದೊಯ್ದು ಶಿಲ್ಪಿಗಳ ರುಜುಗಳನ್ನು ಓದಿಸಲಿ. ಬೇಲೂರು ಸೀಮೆಯ ನಮ್ಮ ವಕೀಲಬಂಧುಗಳು ಮನೆ ದುರಸ್ತಿಯ ಅರ್ಜಿಗಳನ್ನು ವಾರಕ್ಕೊಂದು ದಿನ ಶುಲ್ಕವಿಲ್ಲದೆ ಬರೆದುಕೊಡುವುದಾದರೆ ಆ ಕೆಲಸ ಈ ಮಳೆಗಾಲಕ್ಕೆ ಮುಂಚೆಯೇ ಆರಂಭವಾಗಬಹುದು.